“ನಂದು ನಿಮ್ಮ ಕಡೆ ಯಾಕ ಐತಿ?”

ಬ್ಯಾಡಗಿಯಲ್ಲಿ ನಮ್ಮ ಕಾಕಾ ಮೆಣಸಿನಕಾಯಿ ವ್ಯಾಪಾರ ಮಾಡುತ್ತಾರೆ. ಕಡ್ಡಿ, ಡಬ್ಬಿ ಎರಡೂ ತಳಿ ಇವೆ, ಖಾರದಪುಡಿಯನ್ನೂ ಮಾಡಿಸಿ ಮಾರುತ್ತಾರೆ. ಬೆಂಗಳೂರು, ಪುಣೆ ಕಡೆಯ ಮನೆಗಳಿಂದ ವೆಬ್‌ಸೈಟ್ ಮೂಲಕ ಆರ್ಡರ್ ಬರುತ್ತವೆ. ಈಚೆಗೆ ಆ ಸೈಟ್ ತೆರೆಯೋಕೆ ತೀರಾ ಹೊತ್ತು ಹಿಡಿಯುತ್ತಿತ್ತು. ಬೇರೆ ಹೋಸ್ಟಿಂಗ್‌ಗೆ, ಅಂದರೆ ಸೈಟ್ ಇಡುವ ಬೇರೆ ಸರ್ವರ್‌ಗೆ, ಹಾಕಿಬಿಡೋಣ ಅಂತ ಈ ವಾರ ಹುಬ್ಬಳ್ಳಿಯಿಂದ ಹೋಗಿ ಅವರ ಅಂಗಡಿಯಲ್ಲೇ ಲ್ಯಾಪ್‌ಟಾಪ್ ಹಿಡಿದು ಕೂತೆ.

ಫೈಲು, ಡೇಟಾಬೇಸ್ ಕಾಪಿ ಆದವು. ಹೊಸ ಸರ್ವರ್‌ನಲ್ಲಿ ಸೈಟ್ ಚೆನ್ನಾಗಿ ಓಡಿತು. ಉಳಿದಿದ್ದು ಡೊಮೇನ್, ಅಂದರೆ ಸೈಟ್‌ನ ವಿಳಾಸದ ಹೆಸರು. ಆ ಹೆಸರು ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ನೇಮ್‌ಸರ್ವರ್ ಬದಲಿಸಬೇಕೆಂದರೆ ಡೊಮೇನ್ ಕೊಂಡಿರುವ ಕಂಪನಿಯ ಖಾತೆಗೆ ಲಾಗಿನ್ ಆಗಬೇಕು. ಆ ಲಾಗಿನ್ ಇದ್ದಿದ್ದು ಸೈಟ್ ಮಾಡಿಕೊಟ್ಟ ಹುಡುಗನ ಹತ್ತಿರ. ಕಾಕಾ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

“ಕಾಕಾರ, ನೀವ್ಯಾಕ ತಲಿ ಕೆಡಿಸ್ಕೋತೀರಿ? ಡೊಮೇನ್ ನನ್ನ ಕಡೆ ಸೇಫ್ ಐತಿ.”

“ಸೇಫ್ ಐತಿ, ಖರೆ. ಆದ್ರ ನಂದು ನಿಮ್ಮ ಕಡೆ ಯಾಕ ಐತಿ?”

ಆ ಕಡೆ ಮಾತಿಲ್ಲ. ಆಮೇಲೆ ರಿನ್ಯೂವಲ್ ವಿಷಯ, ಟೆಕ್ನಿಕಲ್ ವಿಷಯ, ಮುಂದಿನ ತಿಂಗಳು ನೋಡೋಣ ಅನ್ನೋ ಮಾತು. ಕಾಕಾ ದನಿ ಏರಿಸಲಿಲ್ಲ. ಅದನ್ನೇ ಮತ್ತೆ ಕೇಳಿದರು: ನಂದು ನಿಮ್ಮ ಕಡೆ ಯಾಕ ಐತಿ? ಊರಿಗೆ ವಾಪಸ್ ಬರುವಾಗ ಬಸ್ಸಿನಲ್ಲೂ ನನಗೆ ಅದೇ ಕೇಳಿಸುತ್ತಿತ್ತು.

ಯಾಕೆಂದರೆ ಉತ್ತರ ಸರಳವಾಗಿತ್ತು. ಆ ಹುಡುಗ ತನ್ನದೇ ಇಮೇಲ್ ಕೊಟ್ಟು, ತನ್ನದೇ ಹೆಸರಲ್ಲಿ ಡೊಮೇನ್ ನೋಂದಾಯಿಸಿದ್ದ. ದುಡ್ಡು ಪ್ರತಿ ವರ್ಷ ಕಾಕಾರದ್ದು. ಆದರೆ ಡೊಮೇನ್ ಮಾರುವ ಕಂಪನಿ ದುಡ್ಡು ಯಾರ ಜೇಬಿನದು ಅಂತ ನೋಡುವುದಿಲ್ಲ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು. ಹೊರಗಿನಿಂದ ಹುಡುಕಿದರೆ ಇದು ಗೊತ್ತಾಗುವುದೂ ಕಷ್ಟ. 2018ರಿಂದೀಚೆಗೆ ಬಹಳಷ್ಟು ಡೊಮೇನ್‌ಗಳ ಒಡೆಯರ ವಿವರ ಮುಚ್ಚಿಟ್ಟಿರುತ್ತದೆ. ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ (ಹುಡುಕುವ) ಪುಟದಲ್ಲಿ ನಮಗೆ ಕಂಡಿದ್ದು ಕಂಪನಿಯ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕ, ಅಷ್ಟೇ.

ಹುಡುಗ ಕಳ್ಳನಲ್ಲ. ಬಂದು ಮೆಣಸಿನಕಾಯಿ ಫೋಟೋ ತಾನೇ ತೆಗೆದವನು, ಒಂದು ವರ್ಷವೂ ರಿನ್ಯೂವಲ್ ತಪ್ಪಿಸಿದವನಲ್ಲ. ಆದರೂ ನನಗೆ ಸಿಟ್ಟು ಬಂತು, ಇನ್ನೂ ಇದೆ. ಗಿರಾಕಿ ಬಿಟ್ಟು ಹೋಗದಂತೆ ಹಿಡಿದಿಡಲು ಇದೊಂದು ಹಗ್ಗ ಅಂತ ಅವನಿಗೆ ಗೊತ್ತಿತ್ತು. ಅವನಿಗೇ ಏನಾದರೂ ಆಗಿದ್ದರೆ? ರಿನ್ಯೂವಲ್ ನೆನಪಿಸುವ ಮೇಲ್‌ಗಳೆಲ್ಲ ಅವನಿಗೇ ಹೋಗುತ್ತವೆ. ರಿನ್ಯೂವಲ್ ತಪ್ಪಿ ಡಾಟ್ ಕಾಮ್ ಡೊಮೇನ್ ಅಳಿಸಿಹೋದ ಮೇಲೆ ಹೆಚ್ಚಿನ ದಂಡ ಕಟ್ಟಿ ಬಿಡಿಸಿಕೊಳ್ಳೋಕೆ 30 ದಿನ ಇರುತ್ತದೆ. ಅದೂ ಮುಗಿದರೆ ಯಾರು ಬೇಕಾದರೂ ಕೊಳ್ಳಬಹುದು.

ಬ್ಯಾಡಗಿ ಮಾರುಕಟ್ಟೆಯಲ್ಲಿ ಒಂದು ಚೀಲ ಮೆಣಸಿನಕಾಯಿ ತೂಗಿದರೂ ಚೀಟಿ ಇರುತ್ತದೆ. ತೂಕ ಎಷ್ಟು, ದರ ಎಷ್ಟು, ಹಮಾಲಿ ಎಷ್ಟು, ಎಲ್ಲ ಬರೆದಿರುತ್ತದೆ. ದಲಾಲಿ ಅಂಗಡಿಯವರು ಅಣ್ಣತಮ್ಮಂದಿರಂತೆ ಇದ್ದರೂ ರೈತ ಪಟ್ಟಿ ಕೇಳಿಯೇ ಕೇಳುತ್ತಾನೆ, ಯಾರಿಗೂ ಬೇಜಾರಿಲ್ಲ. ಅದೇ ಜನ ಕಂಪ್ಯೂಟರ್ ಮುಂದೆ ಬಂದರೆ ಕೇಳೋಕೆ ಸಂಕೋಚ ಪಡುತ್ತಾರೆ. ನಮಗೇನು ತಿಳೀತದ, ಅವ ಓದಿದ ಹುಡುಗ ಅಂತಾರೆ. ಈ ಸಂಕೋಚ ನನಗೆ ನೋವು ಕೊಡುತ್ತದೆ. ಲಕ್ಷಾಂತರ ರೂಪಾಯಿಯ ಲೆಕ್ಕ ಬಾಯಲ್ಲೇ ಮಾಡುವವರು ಇವರು. ವರ್ಷಕ್ಕೆ ಸಾವಿರ ಚಿಲ್ಲರೆಯ ಡೊಮೇನ್ ಯಾರ ಹೆಸರಲ್ಲಿದೆ ಅಂತ ಕೇಳೋದು ಅವರಿಗೆ ತಿಳಿಯದ ವಿಷಯವೇ ಅಲ್ಲ. ಕಾಕಾ ಕೇಳಿದ್ದು ಪೂರ್ತಿ ವ್ಯಾಪಾರದ ಪ್ರಶ್ನೆ. ಅದಕ್ಕೇ ಆ ಹುಡುಗನಿಗೆ ಉತ್ತರ ಸಿಗಲಿಲ್ಲ.

ಕೊನೆಗೆ ಒಪ್ಪಿದ. ಟ್ರಾನ್ಸ್‌ಫರ್ ಕೋಡ್ ತೆಗೆದುಕೊಂಡು ಬೇರೆ ಕಂಪನಿಗೆ ಒಯ್ಯಬಹುದಿತ್ತು, ಆದರೆ ಅದಕ್ಕೆ ಐದಾರು ದಿನ ಬೇಕು. ಹೋಸ್ಟಿಂಗ್ ಬದಲಿಸೋಕೆ ಅದರ ಅಗತ್ಯವೂ ಇಲ್ಲ. ಅದೇ ಕಂಪನಿಯಲ್ಲಿ ಕಾಕಾರ ಹೆಸರಲ್ಲಿ ಖಾತೆ ತೆರೆದು ಅಲ್ಲಿಗೆ ಸರಿಸಿಕೊಂಡೆವು. ನೇಮ್‌ಸರ್ವರ್ ಮುಟ್ಟುವ ಮೊದಲು ಸೈಟ್, ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಹಳೆಯ ಡಿಎನ್‌ಎಸ್ ದಾಖಲೆಗಳನ್ನೆಲ್ಲ ಹೊಸ ಕಡೆ ಬರೆದೆ. ಅದರಲ್ಲಿ ಮೇಲ್‌ಗೆ ಸೇರಿದ ಎಂಎಕ್ಸ್ ದಾಖಲೆ ಬಿಟ್ಟುಹೋದರೆ ಸೈಟ್ ಕಾಣುತ್ತದೆ, ಮೇಲ್ ಮಾತ್ರ ಬರೋದಿಲ್ಲ. ಕಾಕಾರ ದೊಡ್ಡ ಆರ್ಡರ್‌ಗಳೆಲ್ಲ ಮೇಲ್‌ನಲ್ಲೇ ಬರೋದು. ಬದಲಾವಣೆ ಎಲ್ಲ ಕಡೆ ತಲುಪೋಕೆ 48 ಗಂಟೆವರೆಗೂ ಹಿಡಿಯಬಹುದು ಅಂತ ಹಳೆಯ ಹೋಸ್ಟಿಂಗ್ ಇನ್ನೂ ಬಂದ್ ಮಾಡಿಲ್ಲ.

ಸೈಟ್ ನೋಡಿಕೊಳ್ಳುವ ಕೆಲಸ ಮುಂದೆಯೂ ಆ ಹುಡುಗನಿಗೇ ಕೊಡುತ್ತಾರಂತೆ ಕಾಕಾ. “ಫೋಟೋ ಚಂದ ತೆಗೀತಾನ, ಕೆಲಸ ಗೊತ್ತೈತಿ” ಅಂದರು. ನನಗೆ ಇದು ಒಪ್ಪಿಗೆ ಇಲ್ಲ, ಅವರಿಗೆ ನೇರವಾಗಿಯೇ ಹೇಳಿದ್ದೇನೆ. ಡೊಮೇನ್ ಖಾತೆಯ ಪಾಸ್‌ವರ್ಡ್ ಮಾತ್ರ ಅವನಿಗೆ ಕೊಡಬೇಡಿ ಅಂದೆ. ಅದಕ್ಕೆ ಒಪ್ಪಿದ್ದಾರೆ.