ಕೊಡಗಿಗೆ ದೊಡ್ಡ ಕಂಪನಿ ಬಂದರೆ ನಿಮಗೇನು ಕಷ್ಟ?

"ಸರ್ಕಾರ ಸಬ್ಸಿಡಿ ಕೊಟ್ಟು ಒಂದು ದೊಡ್ಡ ಕಂಪನಿಯನ್ನು ಕೊಡಗಿಗೆ ಕರೆಸಿದರೆ ನಿಮಗೇನು ಕಷ್ಟ? ನಮ್ಮ ಹುಡುಗರು ಬೆಂಗಳೂರಿಗೆ ಹೋಗುವುದಾದರೂ ತಪ್ಪುತ್ತದಲ್ಲ?" ಮದುವೆ ಮನೆಯಲ್ಲಿ, ಸಹಕಾರ ಸಂಘದ ಸಭೆಯಲ್ಲಿ, ಎಲ್ಲಿ ಹೋದರೂ ಈ ಪ್ರಶ್ನೆ ಎದುರಾಗುತ್ತದೆ. ಕಂಪನಿ ಬರುವುದಕ್ಕೆ ನನ್ನ ತಕರಾರಿಲ್ಲ, ತನ್ನ ದುಡ್ಡಿನಲ್ಲಿ ಬರಲಿ. ನಮ್ಮ ತೆರಿಗೆ ಹಣ ಕೊಟ್ಟು ಕರೆಸುವುದು ಬೇಡ ಎನ್ನುತ್ತೇನೆ, ಅಷ್ಟೆ.

ಇಲ್ಲಿನದೇ ಉದಾಹರಣೆ ನೋಡಿ. ರಾಜ್ಯದ ಪ್ರವಾಸೋದ್ಯಮ ನೀತಿಯಲ್ಲಿ ಹೋಟೆಲು, ರೆಸಾರ್ಟುಗಳಿಗೆ ಬಂಡವಾಳ ಸಹಾಯಧನವಿದೆ. ಹೂಡಿದ ಹಣದಲ್ಲಿ ಒಂದು ಪಾಲು, ಒಂದು ಮಿತಿಯವರೆಗೆ, ಸರ್ಕಾರದಿಂದ ವಾಪಸು. ಹಾಗಾಗಿ ಹೆಚ್ಚು ಕಟ್ಟಿದವನಿಗೆ ಹೆಚ್ಚು ಸಿಗುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡಗಳು ಜಾರಿ ಮನೆಗಳನ್ನೇ ನುಂಗಿದ್ದನ್ನು ಕಂಡ ಜಿಲ್ಲೆಯಿದು. ಇಂಥ ಕಡೆ ಇಳಿಜಾರು ಕಡಿದು ಕಾಂಕ್ರೀಟು ಸುರಿಯುವುದಕ್ಕೆ ಸರ್ಕಾರವೇ ದುಡ್ಡು ಹಾಕಬೇಕೆ? ಮನೆಯ ಎರಡು ಕೋಣೆ ರಿಪೇರಿ ಮಾಡಿಸಿ, ಬ್ಯಾಂಕಿಗೆ ಬಡ್ಡಿ ಕಟ್ಟುತ್ತಾ ಹೋಮ್‌ಸ್ಟೇ ನಡೆಸುವ ಹೆಂಗಸು ಅದೇ ಪ್ರವಾಸಿಗಾಗಿ ಆ ರೆಸಾರ್ಟಿನ ಜೊತೆ ಪೈಪೋಟಿ ಮಾಡಬೇಕು. ಸೋಪು, ಬೆಡ್‌ಶೀಟು ಕೊಂಡಾಗ ಆಕೆ ಕಟ್ಟಿದ ಜಿಎಸ್‌ಟಿಯೂ ಆ ಸಹಾಯಧನದೊಳಗೆ ಸೇರಿದೆ. ನನಗೆ ಹೊಟ್ಟೆ ಉರಿಯುವುದು ಇಲ್ಲಿಯೇ.

ಕೆಲಸ ಸಿಗುತ್ತದಲ್ಲ ಎನ್ನುತ್ತೀರಿ. 2023ರಲ್ಲಿ ಗುಜರಾತಿನ ಸಾನಂದದಲ್ಲಿ ಮೈಕ್ರಾನ್ ಕಂಪನಿಯ ಚಿಪ್ ಘಟಕ ಘೋಷಣೆಯಾಯಿತು. ಯೋಜನೆಯ ಮೊತ್ತ 275 ಕೋಟಿ ಡಾಲರ್. ಅದರಲ್ಲಿ ಶೇ 50 ಕೇಂದ್ರದ ಸಬ್ಸಿಡಿ, ಶೇ 20 ಗುಜರಾತ್ ಸರ್ಕಾರದ್ದು. ನೇರ ಉದ್ಯೋಗ ಸುಮಾರು 5,000. ಒಂದು ಕೆಲಸಕ್ಕೆ 3.2 ಕೋಟಿ ರೂಪಾಯಿ ಬೀಳುತ್ತದೆ, ಇದು ಸರಿಯೇ ಎಂದು 2024ರ ಜೂನಿನಲ್ಲಿ ಕೇಂದ್ರ ಸಚಿವ ಕುಮಾರಸ್ವಾಮಿಯವರೇ ಕೇಳಿದ್ದರು. ಆಮೇಲೆ ತಮ್ಮ ಮಾತನ್ನು ತಪ್ಪಾಗಿ ಅರ್ಥೈಸಲಾಗಿದೆ ಎಂದರು. ಗುಣಿಸಿ ಭಾಗಿಸಿ ನೋಡಿದರೆ ಲೆಕ್ಕ ಸರಿಯಾಗಿಯೇ ಇದೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕಥೆ ಇನ್ನೂ ಕೆಟ್ಟದ್ದು. 2017ರಲ್ಲಿ ಫಾಕ್ಸ್‌ಕಾನ್‌ಗೆ ಸುಮಾರು 300 ಕೋಟಿ ಡಾಲರಿನ ಕೊಡುಗೆ ಘೋಷಿಸಿದರು, ಕಂಪನಿ 13,000 ಕೆಲಸದ ಭರವಸೆ ಕೊಟ್ಟಿತು. 2021ರಲ್ಲಿ ಒಪ್ಪಂದ ತಿದ್ದಿದಾಗ ಅದು 1,454ಕ್ಕೆ ಇಳಿಯಿತು. ಸರ್ಕಾರ ಕೊಡುಗೆಯನ್ನೂ ಇಳಿಸಿತು, ನಿಜ. ಆದರೆ ಕಾರ್ಖಾನೆಗೆಂದು ಮನೆ ಬಿಟ್ಟುಕೊಟ್ಟವರ ಮನೆಗಳು ಆಗಲೇ ನೆಲಸಮವಾಗಿದ್ದವು.

ಸಬ್ಸಿಡಿ ಇಲ್ಲದಿದ್ದರೆ ಯಾರು ಬರುತ್ತಾರೆ ಎಂಬ ಮಾತೂ ಬರುತ್ತದೆ. ಅಲ್ಲಿನ ಅರ್ಥಶಾಸ್ತ್ರಜ್ಞ ಟಿಮೊಥಿ ಬಾರ್ಟಿಕ್ 2018ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರು. ಸಬ್ಸಿಡಿಯಿಂದಲೇ ಕಂಪನಿಯ ತೀರ್ಮಾನ ಬದಲಾಗುವುದು ನೂರಕ್ಕೆ 2ರಿಂದ 25 ಸಲ ಮಾತ್ರ ಎಂಬುದು ಅವರ ಅಂದಾಜು. ಉಳಿದವರು ಹೇಗೂ ಬರುತ್ತಿದ್ದರು. ನಮ್ಮಲ್ಲೂ 1996ರಲ್ಲಿ ಕಾಫಿ ಮಾರಾಟ ಕಾಫಿ ಬೋರ್ಡಿನ ಹಿಡಿತದಿಂದ ಪೂರ್ತಿ ಮುಕ್ತವಾದ ಮೇಲೆ ವ್ಯಾಪಾರಿಗಳನ್ನು ತೋಟದ ಬಾಗಿಲಿಗೆ ಎಳೆದು ತಂದದ್ದು ಇಲ್ಲಿನ ಕಾಫಿ ಬೀಜ.

"ನೀವು ಬೆಳೆಗಾರರು ಕಾಫಿ ಬೋರ್ಡಿನ ಸಬ್ಸಿಡಿ ತಗೊಳ್ಳಲ್ವಾ?" ಎಂದು ಕುಟುಕುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮರುನಾಟಿಗೆ, ನೀರಾವರಿಗೆ ಬೋರ್ಡು ಕೊಡುವ ಸಹಾಯಧನದ ನಿಯಮ ಮೊದಲೇ ಪ್ರಕಟವಾಗುತ್ತದೆ, ಅರ್ಹರಾದ ಯಾರೂ ಅರ್ಜಿ ಹಾಕಬಹುದು. ದೊಡ್ಡ ಕಂಪನಿಗೆ ಮಂತ್ರಿ, ಅಧಿಕಾರಿಗಳು ಕೂತು ಅಳತೆ ತೆಗೆದು ಹೊಲಿಸುವ ಪ್ಯಾಕೇಜ್ ಹಾಗಲ್ಲ. ಆದರೂ ದೊಡ್ಡ ಎಸ್ಟೇಟುಗಳಿಗೆ ನಮ್ಮ ಸಬ್ಸಿಡಿಯೂ ಬೇಡ ಎಂದೇ ನನ್ನ ಮಾತು.

2019ರಲ್ಲಿ ಜಿಲ್ಲೆಗೊಂದು ತುರ್ತು ಚಿಕಿತ್ಸಾ ಆಸ್ಪತ್ರೆ ಕೊಡಿ ಎಂದು ಕೊಡಗಿನವರು ಜಾಲತಾಣಗಳಲ್ಲಿ ಅಂಗಲಾಚಿದ್ದರು. ಆಸ್ಪತ್ರೆ, ಮಳೆಗಾಲದಲ್ಲೂ ಕೈಕೊಡದ ಕರೆಂಟು, ಕುಸಿಯದ ರಸ್ತೆ: ಇವು ಹೋಮ್‌ಸ್ಟೇಗೂ ಬೇಕು, ಕಂಪನಿಗೂ ಬೇಕು. ದುಡ್ಡು ಅಲ್ಲಿಗೆ ಹೋಗಲಿ. ಅದನ್ನೂ ಮೀರಿ ಯಾರಿಗಾದರೂ ಪ್ಯಾಕೇಜ್ ಕೊಡುವುದೇ ಆದರೆ, ಎಷ್ಟು ಕೊಟ್ಟರು, ಎಷ್ಟು ಜನರಿಗೆ ಕೆಲಸ ಬಂತು ಎಂಬುದನ್ನು ಪ್ರತಿವರ್ಷ ಆ ಊರಿನ ಗ್ರಾಮಸಭೆಯ ಮುಂದೆ ಓದಿ ಹೇಳಬೇಕು.