ಮಂಡಿನೋವಿನವರ ಕೊಡಗು: ಗದ್ದಿಗೆ, ನಿಸರ್ಗಧಾಮ, ಕಣಿವೆ

ನದಿ ಕಾಣುವ ರೂಮು ಅಂತ ದುಡ್ಡು ಕೊಟ್ಟೆವು. ನದಿ ಕಂಡಿದ್ದು ಬಚ್ಚಲುಮನೆಯ ವೆಂಟಿಲೇಟರಿನಿಂದ, ಅದೂ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತಾಗ. ರೂಮಿಗೂ ಹೊಳೆಗೂ ನಡುವೆ ಇನ್ನೊಬ್ಬರ ಕಾಫಿ ತೋಟ, ತೋಟಕ್ಕೆ ಸೋಲಾರ್ ತಂತಿ ಬೇಲಿ. ಒಂದು ರಾತ್ರಿಗೆ 3,800 ರೂಪಾಯಿ. ಫೋಟೋದಲ್ಲಿ ನೀರಿಗೇ ಕಾಲು ಇಳಿಬಿಟ್ಟು ಕೂತಿದ್ದ ಗಂಡ ಹೆಂಡತಿ ಎಲ್ಲಿ ಕೂತಿದ್ದರು ಅಂತ ಕೇಳಿದೆ. ‘ಅದು ನಮ್ಮ ಇನ್ನೊಂದು ಪ್ರಾಪರ್ಟಿ ಸರ್’ ಅಂದ ರೂಮು ಕೊಟ್ಟವನು. ಗುಡ್ಡೆಹೊಸೂರು, ಸಿದ್ದಾಪುರ ರಸ್ತೆಯ ಕಡೆ ಹೊಳೆದಂಡೆಯ ರೂಮು ಹುಡುಕುವವರು ಫೋಟೋ ನಂಬಬೇಡಿ. ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಬಾಗಿಲಿನಿಂದ ನೀರಿಗೆ ಎಷ್ಟು ಹೆಜ್ಜೆ, ನಡುವೆ ಬೇಲಿ ಇದೆಯಾ? ತಡವರಿಸಿದರೆ ಬೇರೆ ಕಡೆ ನೋಡಿ. ಅಥವಾ ನಾನು ಮುಂದಿನ ಸಲ ಮಾಡುವ ಹಾಗೆ, ಕುಶಾಲನಗರದ ಬಸ್‌ಸ್ಟ್ಯಾಂಡ್ ಹತ್ತಿರ ಸಾದಾ ಲಾಡ್ಜಿನಲ್ಲಿ ಉಳಿದು, ಉಳಿದ ದುಡ್ಡಿನಲ್ಲಿ ಹೊಟ್ಟೆ ತುಂಬ ತಿನ್ನಿ.

ನಾವು ಹೋಗಿದ್ದು ಜನವರಿ ಮೂರನೇ ವಾರ, ಮಂಗಳವಾರದಿಂದ ಶುಕ್ರವಾರ. ನಾನು, ನಮ್ಮಪ್ಪ. ಅಪ್ಪನಿಗೆ 74. ಎರಡು ಮಂಡಿಯೂ ಸವೆದಿವೆ, ಮೆಟ್ಟಿಲು ಅಂದರೆ ಆಗದು, ಸಮತಟ್ಟಾದ ಜಾಗದಲ್ಲಾದರೆ ಒಂದು ಗಂಟೆ ಆರಾಮಾಗಿ ನಡೆಯುತ್ತಾರೆ. ಊರು ಮಂಡ್ಯದ ಹತ್ತಿರ, ಹೊಲಕ್ಕೆ ಕನ್ನಂಬಾಡಿ ಕಟ್ಟೆಯ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ನೀರು. ಐವತ್ತು ವರ್ಷ ಕಾವೇರಿ ನೀರು ಕಟ್ಟಿ ಕಬ್ಬು ಬೆಳೆದ ಮನುಷ್ಯ ಕನ್ನಂಬಾಡಿಯಿಂದ ಮೇಲಕ್ಕೆ ಹೊಳೆಯನ್ನೇ ನೋಡಿರಲಿಲ್ಲ. ‘ಮ್ಯಾಲೆ ಹೆಂಗೈತೆ ತೋರ್ಸ್ಲಾ’ ಅಂತ ಮೂರು ವರ್ಷದಿಂದ ಹೇಳುತ್ತಿದ್ದರು. ಹಾಗಾಗಿ ಇಲ್ಲಿ ಮಾಂದಲ್‌ಪಟ್ಟಿ ಬೆಟ್ಟದ ಜೀಪು, ಅಬ್ಬಿ ಜಲಪಾತದ ಮೆಟ್ಟಿಲು ಯಾವುದೂ ಇಲ್ಲ. ನನಗೂ ಜನ ಜಾಸ್ತಿ ಸೇರಿದ ಕಡೆ ತಲೆ ಚಿಟ್ಟು ಹಿಡಿಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿದು ಓದಿ.

ಮಡಿಕೇರಿಯಲ್ಲಿ ಎಲ್ಲರೂ ರಾಜಾಸೀಟ್ ಅನ್ನುತ್ತಾರೆ. ಸಂಜೆ ಹೋದೆವು. ಸೂರ್ಯ ಮುಳುಗಿದ್ದು ಕಂಡಿದ್ದು ಮುಂದಿನವರ ಮೊಬೈಲಿನಲ್ಲಿ. ಕೂರಲು ಕಲ್ಲುಬೆಂಚು ಸಿಗಲಿಲ್ಲ, ಇದ್ದದ್ದರ ಮೇಲೆಲ್ಲ ಬ್ಯಾಗು. ಮರುದಿನ ಬೆಳಿಗ್ಗೆ ಹೋದರೆ ಅದೇ ತೋಟವಾ ಅನ್ನಿಸಿತು. ಕಣಿವೆ ತುಂಬ ಹಾಲು ಚೆಲ್ಲಿದ ಹಾಗೆ ಮಂಜು, ಕಮಾನಿನ ಪುಟ್ಟ ಮಂಟಪದಲ್ಲಿ ಒಂದು ನಾಯಿ ಮಾತ್ರ ಮಲಗಿತ್ತು. ರಾಜರು ಕೂತಿದ್ದು ಸಂಜೆ ಹೊತ್ತಂತೆ; ಅವರ ಕಾಲಕ್ಕೆ ಪಾರ್ಕಿಂಗ್ ಸಮಸ್ಯೆ ಇರಲಿಲ್ಲ. ನೀವು ಬೆಳಿಗ್ಗೆ ಹೋಗಿ.

ಆದರೆ ನಿಜವಾಗಿ ನಡೆಯಬೇಕಾದ ಜಾಗ ಗದ್ದಿಗೆ, ಅಂದರೆ ಕೊಡಗಿನ ರಾಜರ ಸಮಾಧಿ. ಪೇಟೆಯ ಉತ್ತರಕ್ಕೆ, ಮಹದೇವಪೇಟೆ ದಾಟಿ. ಹೋಗುವಾಗ ಏರು ಇದೆ, ಆಟೋ ಮಾಡಿಕೊಳ್ಳಿ. ಬರುವಾಗ ಇಳಿಜಾರು, ನಿಧಾನ ನಡೆದು ಬರಬಹುದು. ಹುಲ್ಲುಹಾಸು, ಮರ, ನಡುವೆ ಗುಮ್ಮಟದ ಮೂರು ಕಟ್ಟಡ. ದೂರದಿಂದ ನೋಡಿ ಅಪ್ಪ ‘ದರ್ಗಾನಾ?’ ಅಂದರು. ಹತ್ತಿರ ಹೋದರೆ ಮೂಲೆಗಳಲ್ಲಿ ಬಸವಣ್ಣ ಕೂತಿದ್ದಾನೆ, ಒಳಗೆ ಲಿಂಗ. ಕೊಡಗನ್ನು ಆಳಿದ ಹಾಲೇರಿ ರಾಜರು ಲಿಂಗಾಯತರು, ಗುಮ್ಮಟ ಮಾತ್ರ ಆ ಕಾಲದ ಮೈಸೂರಿನ ಸುಲ್ತಾನರ ಮಾದರಿಯದು. ನಡುವಿನ ದೊಡ್ಡದು ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿಯದು. ಪಕ್ಕದ್ದು ಅವನ ತಮ್ಮ ಲಿಂಗರಾಜೇಂದ್ರನದು, 1820ರಲ್ಲಿ ಅವನ ಮಗ ಚಿಕ್ಕವೀರರಾಜೇಂದ್ರ ಕಟ್ಟಿಸಿದ್ದು. ಮೂರನೆಯದು ರಾಜಗುರು ರುದ್ರಮುನಿಯದು. ಟಿಪ್ಪುವಿನ ವಿರುದ್ಧದ ಯುದ್ಧದಲ್ಲಿ ಸತ್ತ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಯೂ ಅಲ್ಲೇ ಹತ್ತಿರದಲ್ಲಿದೆ. ಹೆಚ್ಚಿನವರು ಅದನ್ನು ನೋಡದೆ ಹೋಗುತ್ತಾರೆ, ನೋಡಿ. ತನ್ನ ಅಪ್ಪನಿಗೆ ಗದ್ದಿಗೆ ಕಟ್ಟಿಸಿದ ಚಿಕ್ಕವೀರನಿಗೇ ಇಲ್ಲಿ ಗದ್ದಿಗೆ ಇಲ್ಲ. 1834ರಲ್ಲಿ ಇಂಗ್ಲಿಷರು ಪಟ್ಟದಿಂದ ಇಳಿಸಿ ಕಾಶಿಗೆ ಕಳಿಸಿದರು, ಅಲ್ಲಿಂದ ಲಂಡನ್ನಿಗೆ ಹೋದವನು 1859ರಲ್ಲಿ ಅಲ್ಲೇ ತೀರಿಕೊಂಡ. ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಊರಲ್ಲಿ ಜಾಗ ಇಟ್ಕೊಂಡಿರಬೇಕು ಕಣ್ಲಾ’ ಅಂದರು. ಅದು ನನಗೆ ಹೇಳಿದ್ದು. ಬೆಂಗಳೂರಲ್ಲಿ ಸೈಟು ತಗೊಂಡಾಗಿನಿಂದ ಹೀಗೇ. ಮುಕ್ಕಾಲು ಗಂಟೆ ಅಲ್ಲಿದ್ದೆವು. ಬಂದಿದ್ದು ಇನ್ನೊಂದೇ ಕುಟುಂಬ.

ಕೋಟೆ ನೋಡಬಹುದು, ಇಟ್ಟಿಗೆ ಗಾರೆಯ ಎರಡು ಆನೆ ಚೆನ್ನಾಗಿವೆ, ಇಗರ್ಜಿಯ ಕಟ್ಟಡದಲ್ಲಿ ಮ್ಯೂಸಿಯಂ ಇದೆ. ಅರ್ಧ ಗಂಟೆ ಸಾಕು.

ಈಗ ಊಟದ ವಿಷಯ. ಬುಕಿಂಗ್ ಸೈಟಿನವರು ಯಾರೂ ಇದನ್ನು ಹೇಳುವುದಿಲ್ಲ. ಕುಶಾಲನಗರದಲ್ಲಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಬೋರ್ಡೇ ಇಲ್ಲದ, ನಾಲ್ಕು ಮೇಜಿನ ಅಂಗಡಿ. ನಾವು ಹೋಗಿದ್ದು ಸೀಬೆಹಣ್ಣು ಮಾರುತ್ತಿದ್ದವನನ್ನು ಕೇಳಿ. ಗಂಡ ಬಡಿಸುತ್ತಾರೆ, ಹೆಂಡತಿ ಒಲೆ ಮುಂದೆ. ಬೆಳಿಗ್ಗೆ ಅಕ್ಕಿ ರೊಟ್ಟಿ, ಅವರ ಬಾಯಲ್ಲಿ ‘ಒಟ್ಟಿ’. ನಮ್ಮ ಕಡೆಯ ಹಾಗೆ ಈರುಳ್ಳಿ, ಸಬ್ಬಸಿಗೆ ಹಾಕಿ ಕಾವಲಿಗೆ ತಟ್ಟಿದ್ದಲ್ಲ. ಅನ್ನವನ್ನೂ ಅಕ್ಕಿ ಹಿಟ್ಟನ್ನೂ ಸೇರಿಸಿ ನಾದಿ, ತೆಳ್ಳಗೆ ಒತ್ತಿ, ಕೆಂಡದ ಮೇಲೆ ಉಬ್ಬಿಸಿದ್ದು. ಮಡಚಿದರೆ ಬಟ್ಟೆಯ ಹಾಗೆ ಮಡಚುತ್ತದೆ. ಜೊತೆಗೆ ಎಳ್ಳಿನ ಚಟ್ನಿ, ಕುಂಬಳಕಾಯಿ ಪಲ್ಯ. ಮೊದಲ ಒಟ್ಟಿಗೆ ಅಪ್ಪ ‘ಉಪ್ಪಿಲ್ಲ’ ಅಂದರು. ಐದನೆಯದಕ್ಕೆ ಏನೂ ಅನ್ನಲಿಲ್ಲ.

ಮಧ್ಯಾಹ್ನ ಮತ್ತೆ ಅಲ್ಲಿಗೇ. ಆವತ್ತು ಕಡಂಬಿಟ್ಟು. ಅಕ್ಕಿ ತರಿಯ ಉಂಡೆ, ಹಬೆಯಲ್ಲಿ ಬೆಂದದ್ದು. ಅಪ್ಪ ಬೆರಳಲ್ಲಿ ಒತ್ತಿ ನೋಡಿ, ‘ಅಕ್ಕಿ ಮುದ್ದೆ ಕಣಪ್ಪಾ ಇದು, ಚಿಕ್ಕದು ಮಾಡವ್ರೆ’ ಅಂತ ತೀರ್ಮಾನಿಸಿ, ಮುದ್ದೆಯ ಹಾಗೇ ಮುರಿದು ಕೋಳಿ ಸಾರಲ್ಲಿ ಅದ್ದಿ ನುಂಗಿದರು. ಅಗಿಯಬೇಕು ಅಂತ ಬಡಿಸುವವರು ಹೇಳುವಷ್ಟರಲ್ಲಿ ಮೂರು ಹೋಗಿತ್ತು. ನಾನು ತಗೊಂಡಿದ್ದು ಪಂದಿ ಕರಿ, ಅಂದರೆ ಹಂದಿ ಮಾಂಸ. ಕಾಚಂಪುಳಿ ಅನ್ನುವ ಹಣ್ಣಿನ ಹುಳಿರಸ ಹಾಕಿ ಕಪ್ಪಗಾದ ಮಾಂಸ, ನಾಲಿಗೆಯ ಎರಡೂ ಅಂಚಿಗೆ ಹಿಡಿಯುವ ಹುಳಿ. ಪ್ಯಾಕೆಟ್ ವಿನಿಗರ್ ಹಾಕಿ ಇದೇ ಅನ್ನುವ ಹೋಟೆಲುಗಳು ಹೆದ್ದಾರಿಯಲ್ಲಿ ಬೇಕಾದಷ್ಟಿವೆ. ಒಂದು ಸಲ ನಿಜವಾದದ್ದು ತಿಂದರೆ ವ್ಯತ್ಯಾಸ ಗೊತ್ತಾಗುತ್ತದೆ. ‘ನಿಂದು ಏನ್ಲಾ ಅದು, ಮಟನ್ನಾ?’ ಅಂದರು ಅಪ್ಪ. ‘ಕೋಳಿ ಅಲ್ಲ’ ಅಂದೆ. ಬಡಿಸುವವರು ಮುಖ ಆ ಕಡೆ ತಿರುಗಿಸಿ ನಕ್ಕರು. ಕೊನೆಗೆ ಬೆಲ್ಲದ ಕಾಫಿ, ಹಾಲಿಲ್ಲದ್ದು. ಇಬ್ಬರಿಗೂ ಸೇರಿ 260 ರೂಪಾಯಿ. ಹೊಳೆ ಕಾಣದ ಆ ರೂಮಿನಲ್ಲಿ ಎರಡು ಪ್ಲೇಟು ಪಲಾವಿಗೆ 440 ಕೊಟ್ಟಿದ್ದೆ. ಎರಡು ಗಂಟೆ ಮೇಲೆ ಹೋದರೆ ಆ ಅಂಗಡಿಯಲ್ಲಿ ಅನ್ನ, ಸಾರು ಮಾತ್ರ ಉಳಿದಿರುತ್ತದೆ, ಬೇಗ ಹೋಗಿ.

ಕಾವೇರಿ ನಿಸರ್ಗಧಾಮ ಕುಶಾಲನಗರದಿಂದ ಮಡಿಕೇರಿ ರಸ್ತೆಯಲ್ಲಿ ಎರಡು ಮೂರು ಕಿಲೋಮೀಟರ್ ಅಷ್ಟೇ. ಆಟೋದವನೊಬ್ಬ 250 ಕೇಳಿದ. ಮಡಿಕೇರಿ ಕಡೆಯ ಲೋಕಲ್ ಬಸ್ಸು ಗೇಟಿನ ಮುಂದೆಯೇ ಇಳಿಸುತ್ತದೆ, ಕಂಡಕ್ಟರಿಗೆ ಹೇಳಿ ಹತ್ತಿ. ಕಾವೇರಿ ಎರಡಾಗಿ ಒಡೆದು ನಡುವೆ ಬಿಟ್ಟ ದ್ವೀಪ, ಸುಮಾರು 64 ಎಕರೆ. ಗೇಟಿನ ಆಚೆಈಚೆ ಅಂಗಡಿಗಳ ಜಾತ್ರೆ ಇದೆ. ಚಾಕಲೇಟು, ಮಸಾಲೆ, ‘ಕೂರ್ಗ್ ವೈನ್’. ತಲೆ ತಗ್ಗಿಸಿ ದಾಟಿ. ತೂಗುಸೇತುವೆ ದಾಟಿದರೆ ಬಿದಿರು ಮೆಳೆಗಳು, ತೇಗ, ಗಂಧದ ಮರ, ಸಮತಟ್ಟಾದ ದಾರಿ. ಜಿಂಕೆ ನೋಡಲು ಎಲ್ಲರೂ ಒಂದೇ ಕಡೆ ನುಗ್ಗುತ್ತಾರೆ. ನೀವು ಅವರನ್ನು ಬಿಟ್ಟು ನೀರಿನ ಅಂಚಿಗೆ ನಡೆಯಿರಿ. ವಾರದ ದಿನ, ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ಹೋದರೆ ಒಂದು ಗಂಟೆ ಬಿದಿರು ಕಿರುಗುಟ್ಟುವ ಸದ್ದು ಮಾತ್ರ. ಶನಿವಾರ ಭಾನುವಾರವಾದರೆ ಟಿಕೆಟ್ಟಿನ ದುಡ್ಡು ಉಳಿಸಿಕೊಳ್ಳಿ. ನೀರಿಗೆ ಇಳಿಯಬೇಡಿ, ಬಂಡೆ ಪಾಚಿಗಟ್ಟಿರುತ್ತದೆ, ನೀರು ಕಮ್ಮಿ ಕಂಡ ಕಡೆಯೇ ಗುಂಡಿ ಇರುತ್ತದೆ. ಮಳೆಗಾಲದಲ್ಲಂತೂ ಈ ಕಡೆ ಬರಲೇಬೇಡಿ. ಹೊಳೆ ಏರಿದರೆ ದ್ವೀಪ ಮುಚ್ಚುತ್ತಾರೆ.

ಇಲ್ಲಿಯೇ ಅಪ್ಪ ಮೊದಲ ಸಲ ಹೊಳೆಯನ್ನು ಹತ್ತಿರದಿಂದ ನೋಡಿದ್ದು. ಜನವರಿ, ನೀರು ಕಮ್ಮಿ, ಬಂಡೆಗಳ ಸಂದಿಯಲ್ಲಿ ಹರಿಯುತ್ತಿತ್ತು. ‘ಇಷ್ಟೇಯೇನ್ಲಾ? ನಮ್ ನಾಲೇನೇ ಇದ್ಕಿಂತ ಅಗಲ ಐತೆ’ ಅಂದರು. ಮುಖ ಸಣ್ಣಗಾಗಿತ್ತು. ನಾನೇನೋ ಹೇಮಾವತಿ, ಲಕ್ಷ್ಮಣತೀರ್ಥ ಎಲ್ಲ ಕೆಳಗೆ ಬಂದು ಸೇರುತ್ತವೆ ಅಂತ ಮಾಸ್ತರಿಕೆ ಮಾಡಿದೆ, ಕೇಳಿಸಿಕೊಳ್ಳಲಿಲ್ಲ.

ಇನ್ನೊಂದು ಮಾತು. ಸಂಜೆ ಐದೂವರೆ ಆದ ಮೇಲೆ ತೋಟದ ರಸ್ತೆಗಳಲ್ಲಿ ವಾಕಿಂಗು ಬೇಡ. ಸಿದ್ದಾಪುರ, ಗುಡ್ಡೆಹೊಸೂರು ಕಡೆ ಆನೆ ತೋಟಕ್ಕೆ ಇಳಿಯುವುದು ಪ್ರವಾಸಿಗರಿಗಾಗಿ ಕಟ್ಟಿದ ಕತೆಯಲ್ಲ. ಕಾಫಿ ಕುಯ್ಲಿಗೆ ಬಂದವರು ಬೆಳಕಿರುವಾಗಲೇ ಗುಂಪಾಗಿ ಕೂಲಿಯವರ ಲೈನ್‌ಮನೆಗೆ ಹೊರಟಿದ್ದನ್ನು ಕಂಡೆವು.

ಶುಕ್ರವಾರ ಕೊಣನೂರು ಕಡೆಯ ಬಸ್ಸು ಹಿಡಿದು ಕಣಿವೆ ಅನ್ನುವ ಊರಿಗೆ ಹೋದೆವು. ಈ ಜಾಗದ ಹೆಸರು ಯಾವ ಟೂರ್ ಪ್ಯಾಕೇಜಿನಲ್ಲೂ ನನಗೆ ಕಂಡಿರಲಿಲ್ಲ. ಕೂಡಿಗೆ ದಾಟಿದ ಮೇಲೆ, ಹೊಳೆದಂಡೆಯಲ್ಲಿ ರಾಮಲಿಂಗೇಶ್ವರನ ಗುಡಿ, ಅದರ ಹತ್ತಿರವೇ ತೂಗುಸೇತುವೆ. ಕೂಡಿಗೆಯಲ್ಲಿ ಹಾರಂಗಿ ಬಂದು ಕಾವೇರಿಯನ್ನು ಕೂಡಿಕೊಳ್ಳುವುದರಿಂದ ಇಲ್ಲಿ ಹೊಳೆಗೆ ಹೊಳೆಯ ಮೈ ಬಂದಿರುತ್ತದೆ. ಸೇತುವೆಯ ಈ ತುದಿ ಕೊಡಗು, ಆ ತುದಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ಗದ್ದಿಗೆಯಲ್ಲಿ ಮಲಗಿರುವ ದೊಡ್ಡವೀರರಾಜೇಂದ್ರನನ್ನು ಟಿಪ್ಪು ಸೆರೆಯಿಟ್ಟಿದ್ದು ಅದೇ ಪಿರಿಯಾಪಟ್ಟಣದ ಕೋಟೆಯಲ್ಲಿ; 1788ರಲ್ಲಿ ತಪ್ಪಿಸಿಕೊಂಡು ಕೊಡಗಿಗೆ ಬಂದ. ನಮ್ಮ ಜೊತೆ ಸೇತುವೆ ದಾಟಿದ್ದು ಮೇವಿನ ಹೊರೆ ಹೊತ್ತ ಒಬ್ಬಾಕೆ, ಸೈಕಲ್ಲು ತಳ್ಳಿಕೊಂಡು ಬಂದ ಇಬ್ಬರು ಸ್ಕೂಲು ಹುಡುಗರು. ಟಿಕೆಟ್ಟಿಲ್ಲ, ಅಂಗಡಿಯಿಲ್ಲ. ಕುಡಿಯುವ ನೀರು ನೀವೇ ತಗೊಂಡು ಹೋಗಿ.

ಅಪ್ಪ ಸೇತುವೆಯ ನಡುವೆ ಕಂಬಿ ಹಿಡಿದು ನಿಂತುಬಿಟ್ಟರು. ಕಾಲು ನೋಯುತ್ತಿದೆಯೇನೋ ಅಂತ ಹತ್ತಿರ ಹೋದರೆ ಊರಿನ ಪಕ್ಕದ ಹೊಲದವನಿಗೆ ಫೋನು ಹಚ್ಚಿದ್ದರು. ನಾಲೆಗೆ ನೀರು ಬಿಟ್ಟರಾ ಅಂತ ವಿಚಾರಿಸಿಕೊಂಡು, ಆ ಕಡೆಯವನು ಇನ್ನೂ ಇಲ್ಲ ಅಂದಿರಬೇಕು, ಕೆಳಗೆ ನೋಡುತ್ತ ಹೇಳಿದರು: ‘ಬತ್ತದೆ ಬುಡ್ಲಾ. ಇಲ್ಲಿಂದ ಹೊಂಟೈತೆ, ನೋಡ್ತಾ ನಿಂತಿವ್ನಿ.’