ಲಿಸ್ಬನ್‌ನಿಂದ ಅಲ್ಹೆಸಿರಾಸ್‌ವರೆಗೆ: ನಿಧಾನದ ರೈಲುಗಳಲ್ಲಿ ಹದಿನಾರು ದಿನ

ಪೋರ್ಚುಗಲ್‌ನ ಪೋರ್ಟೊದಿಂದ ದೋರು ನದಿಯ ಕಣಿವೆಗೆ ಹೋಗುವ ರೈಲಿನಲ್ಲಿ ಬಲಬದಿಯ ಕಿಟಕಿಯನ್ನೇ ಹಿಡಿಯಿರಿ. ಈ ಬರಹದಲ್ಲಿ ಬೇರೇನು ಮರೆತರೂ ಇದೊಂದು ನೆನಪಿರಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಮುನ್ನ ಯಾವ ಬದಿಗೆ ಕೂರಬೇಕು ಎಂದು ಹೋಗಿಬಂದವರನ್ನು ಕೇಳುತ್ತೇವಲ್ಲ, ಅಷ್ಟೇ ಮುಖ್ಯದ ಪ್ರಶ್ನೆ ಇದು. ಎಡಬದಿಗೆ ಕೂತವರಿಗೆ ಎರಡು ಗಂಟೆ ಕಾಲ ಬಂಡೆಗಲ್ಲಿನ ಗೋಡೆ ಕಾಣುತ್ತದೆ, ಬಲಬದಿಯವರಿಗೆ ನದಿ.

ಪೋರ್ಚುಗಲ್ ಮತ್ತು ಸ್ಪೇನ್ ದೇಶಗಳನ್ನು ರೈಲಿನಲ್ಲೇ ನೋಡಬೇಕೆಂದು ನಾನು, ನನ್ನ ಹೆಂಡತಿ ಮತ್ತು ಅರವತ್ತೊಂಬತ್ತು ವರ್ಷದ ಅಮ್ಮ ಸೆಪ್ಟೆಂಬರ್ ಮಧ್ಯದಲ್ಲಿ ಹೊರಟೆವು. ಮೊದಲು ಮಾಡಿದ ಪಟ್ಟಿಯಲ್ಲಿ ಬಾರ್ಸಿಲೋನಾ, ಸೆವಿಲ್ಲೆ, ಗ್ರನಾಡಾ ಎಲ್ಲವೂ ಇದ್ದವು. ಎಲ್ಲವನ್ನೂ ಸೇರಿಸಿದರೆ ಪ್ರತಿದಿನ ಪೆಟ್ಟಿಗೆ ಕಟ್ಟುವುದೇ ಕೆಲಸವಾಗುತ್ತದೆ ಎಂದು ಹೊಡೆದುಹಾಕಿದೆವು. ಕೊನೆಗೆ ಉಳಿದದ್ದು ಇಷ್ಟು: ಲಿಸ್ಬನ್ ಮೂರು ರಾತ್ರಿ, ಪೋರ್ಟೊ ಎರಡು, ದೋರು ಕಣಿವೆಯ ಪಿನ್ಯಾವ್ ಎರಡು, ಸಾಂತಿಯಾಗೊ ಎರಡು, ಮ್ಯಾಡ್ರಿಡ್ ಒಂದು, ಕೊರ್ದೊಬಾ ಎರಡು, ರೊಂಡಾ ಎರಡು, ದಕ್ಷಿಣದ ತುದಿಯ ಅಲ್ಹೆಸಿರಾಸ್ ಒಂದು.

ವೀಸಾ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಎರಡೂ ದೇಶಗಳಿಗೆ ಒಂದೇ ಷೆಂಗೆನ್ ವೀಸಾ ಸಾಕು, ಆದರೆ ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ಮೊದಲು ಕಾಲಿಡುವ ದೇಶದ ಲೆಕ್ಕ ಬರುವುದು ದಿನಗಳು ಸಮನಾದಾಗ ಮಾತ್ರ. ನಮಗೆ ಪೋರ್ಚುಗಲ್‌ನಲ್ಲಿ ಏಳು ರಾತ್ರಿ, ಸ್ಪೇನ್‌ನಲ್ಲಿ ಎಂಟು. ಆದ್ದರಿಂದ ಇಳಿಯುವುದು ಲಿಸ್ಬನ್‌ನಲ್ಲಾದರೂ ಅರ್ಜಿ ಹೋದದ್ದು ಸ್ಪೇನ್‌ಗೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ಬೇಸಿಗೆಯ ಹಂಗಾಮಿನಲ್ಲಿ ಸಂದರ್ಶನದ ದಿನ ಸಿಗುವುದೇ ಕಷ್ಟ, ತಡಮಾಡಬೇಡಿ. 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಕಡ್ಡಾಯ.

ಇನ್ನು ಯೂರೇಲ್ ಪಾಸ್, ಅಂದರೆ ಯೂರೋಪಿನ ಹಲವು ದೇಶಗಳ ರೈಲುಗಳಿಗೆ ಒಟ್ಟಾಗಿ ಕೊಳ್ಳುವ ಟಿಕೆಟ್. ಈ ದಾರಿಗೆ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ಪೇನ್‌ನ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಆಸನಕ್ಕೆ ಬೇರೆ ಹಣ ಕಟ್ಟಿ ಕಾದಿರಿಸಬೇಕು. ಪೋರ್ಚುಗಲ್‌ನ ಸಾಧಾರಣ ರೈಲುಗಳಿಗೆ ದರವೇ ಕಡಿಮೆ. ಪೋರ್ಟೊದಿಂದ ದೋರು ಮಾರ್ಗದ ಕೊನೆಯ ನಿಲ್ದಾಣ ಪೊಸಿನ್ಯುವರೆಗೆ ಹದಿನೈದು ಯೂರೋ ಆಸುಪಾಸು. ಜೊತೆಗೆ 65 ದಾಟಿದವರಿಗೆ ಅಲ್ಲಿ ಅರ್ಧ ದರ. ಯಾವ ದೇಶದವರಾದರೂ ಸರಿ, ಪಾಸ್‌ಪೋರ್ಟ್ ತೋರಿಸಿದರಾಯಿತು. ಲಿಸ್ಬನ್‌ನ ಕೌಂಟರಿನಲ್ಲಿ ಅಮ್ಮನ ಪಾಸ್‌ಪೋರ್ಟ್ ನೋಡಿದ ಹುಡುಗಿ ನಗುತ್ತಾ ಅರ್ಧ ದರದ ಟಿಕೆಟ್ ಕೊಟ್ಟಳು. ಸ್ಪೇನ್‌ನಲ್ಲಿ ಅರವತ್ತು ದಾಟಿದವರಿಗೆ ‘ತಾರ್ಹೆತಾ ದೊರಾದಾ’ ಎಂಬ ರಿಯಾಯಿತಿ ಕಾರ್ಡ್ ಇದೆ, ಕೆಲವೇ ಯೂರೋಗಳಿಗೆ ನಿಲ್ದಾಣದಲ್ಲಿ ಮಾಡಿಸಿಕೊಳ್ಳಬಹುದು. ಹಿರಿಯರನ್ನು ಕರೆದೊಯ್ಯುವವರು ಇವೆರಡನ್ನೂ ಬಿಡಬೇಡಿ.

ಲಿಸ್ಬನ್‌ನಿಂದ ಪೋರ್ಟೊಗೆ ಆಲ್ಫಾ ಪೆಂಡುಲಾರ್ ರೈಲಿನಲ್ಲಿ ಮೂರು ಗಂಟೆಗೆ ಹತ್ತಿರ. ದಾರಿಯಲ್ಲಿ ಹೇಳಿಕೊಳ್ಳುವಂಥ ನೋಟವಿಲ್ಲ. ಪೋರ್ಟೊ ತಲುಪಿದ ಮೇಲೆ ರೈಲು ಹತ್ತಲು ಅಲ್ಲದಿದ್ದರೂ ಸಾವ್ ಬೆಂತು ನಿಲ್ದಾಣಕ್ಕೆ ಹೋಗಿ. 1916ರಲ್ಲಿ ತೆರೆದ ಆ ಕಟ್ಟಡದ ಒಳಗೋಡೆಯ ತುಂಬ ಸುಮಾರು 20,000 ನೀಲಿ ಹೆಂಚುಗಳು. ಜೋರ್ಜ್ ಕೊಲಾಸು ಎಂಬ ಕಲಾವಿದ ಅವುಗಳ ಮೇಲೆ ದೇಶದ ಚರಿತ್ರೆಯನ್ನೇ ಬಿಡಿಸಿಟ್ಟಿದ್ದಾನೆ. ಬೆಳಿಗ್ಗೆ ಎಂಟಕ್ಕೆ ಮುಂಚೆ ಹೋದರೆ ಕತ್ತೆತ್ತಿ ನೋಡಲು ಜಾಗ ಸಿಗುತ್ತದೆ.

ದೋರು ಮಾರ್ಗದ ರೈಲಿಗೆ ಆಸನ ಕಾದಿರಿಸುವ ವ್ಯವಸ್ಥೆಯಿಲ್ಲ. ಕೆಲವು ಸಾವ್ ಬೆಂತುವಿನಿಂದ ಹೊರಡುತ್ತವೆ, ಕೆಲವು ಕಂಪನ್ಯಾ ನಿಲ್ದಾಣದಿಂದ. ನಿಮ್ಮ ರೈಲು ಎಲ್ಲಿಂದ ಆರಂಭವಾಗುತ್ತದೆ ಎಂದು ನೋಡಿಕೊಂಡು ಅಲ್ಲಿಯೇ ಅರ್ಧ ಗಂಟೆ ಮೊದಲು ನಿಲ್ಲಿ. ದಿನಕ್ಕೆ ಬೆರಳೆಣಿಕೆಯಷ್ಟು ರೈಲುಗಳು ಮಾತ್ರ ಪೊಸಿನ್ಯು ಮುಟ್ಟುತ್ತವೆ. ಅವುಗಳಲ್ಲಿ ಕೆಲವಕ್ಕೆ ಸ್ವಿಟ್ಜರ್ಲೆಂಡ್‌ನಲ್ಲಿ ತಯಾರಾದ ಹಳೆಯ ಬೋಗಿಗಳನ್ನು ಹಾಕಿರುತ್ತಾರೆ. ಆ ಬೋಗಿ ಸಿಕ್ಕಿದರೆ ನಿಮ್ಮ ಅದೃಷ್ಟ. ಹವಾನಿಯಂತ್ರಣವಿಲ್ಲ, ಆದರೆ ಕಿಟಕಿಯ ಗಾಜನ್ನು ಕೆಳಗಿಳಿಸಬಹುದು. ಯೂರೋಪಿನಲ್ಲಿ ಕಿಟಕಿ ತೆರೆದು ಮುಖಕ್ಕೆ ಗಾಳಿ ತಾಗಿಸಿಕೊಳ್ಳುವ ರೈಲು ಈಗ ಅಪರೂಪ.

ಹೊರಟು ಒಂದು ಗಂಟೆಯವರೆಗೆ ಊರು, ಹಿತ್ತಿಲು, ಜೋಳದ ಹೊಲ. ಆಮೇಲೆ ಒಂದು ತಿರುವಿನಲ್ಲಿ ನದಿ ಏಕಾಏಕಿ ಪಕ್ಕಕ್ಕೆ ಬಂದು ಕೂರುತ್ತದೆ. ಅಲ್ಲಿಂದ ಹಳಿಗೂ ನೀರಿಗೂ ನಡುವೆ ಎಷ್ಟೋ ಕಡೆ ಒಂದು ಕಲ್ಲುಕಟ್ಟೆಯಷ್ಟೇ ಅಂತರ. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಕಿದ ಹಳಿ ಇದು. ನದಿ ಬಳುಕಿದಲ್ಲೆಲ್ಲ ಬಳುಕುತ್ತದೆ. ಎದುರು ದಡದ ಗುಡ್ಡಗಳನ್ನು ನೆತ್ತಿಯವರೆಗೂ ಮೆಟ್ಟಿಲು ಮೆಟ್ಟಿಲಾಗಿ ಕಡಿದು ದ್ರಾಕ್ಷಿ ನೆಟ್ಟಿದ್ದಾರೆ. 1756ರಲ್ಲೇ ಈ ಸೀಮೆಗೆ ಗಡಿ ಗುರುತಿಸಿ ಪೋರ್ಟ್ ವೈನ್‌ಗೆ ಮೀಸಲಿಟ್ಟರು. 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಾವು ಹೋದಾಗ ಸುಗ್ಗಿ. ಬಿಸಿಲಿಗೆ ಟೋಪಿ ಹಾಕಿಕೊಂಡ ಹೆಂಗಸರು ಬಗ್ಗಿ ಗೊಂಚಲು ಕತ್ತರಿಸುತ್ತಿದ್ದರು, ತೆರೆದ ಕಿಟಕಿಯಿಂದ ಹುಳಿಬಂದ ಹಣ್ಣಿನ ವಾಸನೆ ಒಳಗೆ ಬರುತ್ತಿತ್ತು.

ಹೆಚ್ಚಿನ ಪ್ರವಾಸಿಗರು ಪೋರ್ಟೊದಿಂದ ಬೆಳಿಗ್ಗೆ ಬಂದು ಸಂಜೆ ಮರಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಿನ್ಯಾವ್‌ನಲ್ಲಿ ಎರಡು ರಾತ್ರಿ ಇರಿ. ಪುಟ್ಟ ಊರು, ಒಂದೇ ಮುಖ್ಯ ಬೀದಿ. ಸಂಜೆಯ ರೈಲು ಹೊರಟುಹೋದ ಮೇಲೆ ಇಡೀ ಕಣಿವೆಯಲ್ಲಿ ಕೇಳುವುದು ನಾಯಿ ಬೊಗಳುವ ಸದ್ದು ಮಾತ್ರ. ನಿಲ್ದಾಣದ ಹೊರಗೋಡೆಯಲ್ಲಿ 1937ರ 24 ಹೆಂಚು ಚಿತ್ರಗಳಿವೆ. ಮರುದಿನ ಬೆಳಿಗ್ಗೆ ಜನರಿಲ್ಲದ ಹೊತ್ತಿನಲ್ಲಿ ಒಂದೊಂದರ ಮುಂದೆಯೂ ನಿಂತೆವು. ಒಂದರಲ್ಲಿ ಬೆನ್ನ ಮೇಲೆ ಎತ್ತರದ ಬುಟ್ಟಿ ಹೊತ್ತ ಗಂಡಸರು ಸಾಲಾಗಿ ಇಳಿಯುತ್ತಿದ್ದಾರೆ. ಬಾಗಿದ ಬೆನ್ನು, ಮುಂದಿನವನ ಹಿಮ್ಮಡಿಯನ್ನೇ ನೋಡುವ ಕಣ್ಣು. ಹೆಂಚಿನ ಅಂಚು ಒಬ್ಬನ ಮೊಣಕಾಲಿನ ಮೇಲೆ ಹಾದುಹೋಗಿದೆ, ಆದರೂ ಆ ಕಾಲಿನ ಭಾರ ತಿಳಿಯುತ್ತದೆ. ಚಿಕ್ಕಮಗಳೂರಿನ ತೋಟದ ನೆರಳಲ್ಲಿ ಬೆಳೆದ ಅಮ್ಮ ಬಹಳ ಹೊತ್ತು ನೋಡಿ, “ಕಾಫಿ ಮೂಟೆ ಇಳಿಸುವಾಗ ಹೀಗೇ ನಡೆಯುತ್ತಿದ್ದರು” ಎಂದರು.

ತಂಗಿದ್ದ ಮನೆಯ ಒಡತಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕೋಣೆಯ ಬೀಗದ ಕೈ ಎತ್ತಿ ಹಿಡಿದು “ಶಾವಿ” ಎಂಬಂತೆ ಏನೋ ಅಂದರು. ನನ್ನ ಹೆಂಡತಿ ಮಂಗಳೂರಿನವಳು, “ಚಾವಿ!” ಎಂದು ಕೂಗಿಬಿಟ್ಟಳು. ಆಮೇಲೆ ಆಕೆ ಕಿಟಕಿ ತೆರೆದು “ಜನೆಲಾ” ಎಂದರು. ಕರಾವಳಿಯಲ್ಲಿ ಅದು ಜನೆಲ್. ಅಡುಗೆಮನೆಯಲ್ಲಿ ಬಟಾಟೆ, ಮೇಜಿನ ಮೇಲೆ ಅನಾನಸ್. ಐದು ನಿಮಿಷದಲ್ಲಿ ಇಬ್ಬರೂ ಹಳೆಯ ನೆರೆಹೊರೆಯವರಂತೆ ಆಗಿದ್ದರು. ರೈಲಿನದೂ ಹೀಗೆಯೇ ಒಂದು ನಂಟಿದೆ. ದೋರು ಮಾರ್ಗ ಸ್ಪೇನ್ ಗಡಿ ಮುಟ್ಟಿದ್ದು 1887ರಲ್ಲಿ. ಅದೇ ಪೋರ್ಚುಗಲ್ ಆಳುತ್ತಿದ್ದ ಗೋವಾದ ಮುರ್ಮುಗೋವಾದಿಂದ ದೂಧಸಾಗರದ ಪಕ್ಕದಲ್ಲೇ ಹತ್ತಿ ನಮ್ಮ ಕ್ಯಾಸಲ್‌ರಾಕ್‌ಗೆ ಹಳಿ ತಲುಪಿದ್ದು 1888ರಲ್ಲಿ. ಆ ಘಾಟಿಗೆ ಇಂದಿಗೂ ಪೋರ್ಚುಗಲ್ ರಾಜಮನೆತನದ ಹೆಸರೇ ಇದೆ, ಬ್ರಗಾಂಜಾ.

ಪಿನ್ಯಾವ್‌ನಿಂದ ಪೊಸಿನ್ಯುವರೆಗಿನ ಕೊನೆಯ ಒಂದು ಗಂಟೆ ಈ ಮಾರ್ಗದ ತಿರುಳು. ಬಹುಪಾಲು ಕಡೆ ನದಿಗುಂಟ ರಸ್ತೆಯೇ ಇಲ್ಲ, ರೈಲು ಅಥವಾ ದೋಣಿ. ಫೆರಡೋಜಾ ಸೇತುವೆಯಲ್ಲಿ ಹಳಿ ನದಿ ದಾಟುತ್ತದೆ. ಅಲ್ಲಿಂದ ಮುಂದೆ ಎಡಬದಿಗೆ ಸರಿದು ಕೂರಿ. ಪೊಸಿನ್ಯುವಿನಲ್ಲಿ ನೋಡಲು ಏನೂ ಇಲ್ಲ, ಅದೇ ರೈಲಿನಲ್ಲಿ ಮರಳಬಹುದು. ಮುಂದಿನ ಗಡಿಯವರೆಗಿನ ಹಳಿಯನ್ನು 1988ರಲ್ಲೇ ಮುಚ್ಚಿದ್ದಾರೆ. ನೀರು, ಬುತ್ತಿ ಕೈಯಲ್ಲಿರಲಿ, ರೈಲಿನಲ್ಲಿ ಏನೂ ಸಿಗುವುದಿಲ್ಲ. ಸಣ್ಣ ನಿಲ್ದಾಣಗಳಲ್ಲಿ ಪ್ಲಾಟ್‌ಫಾರ್ಮ್ ತಗ್ಗಾಗಿದ್ದು ಬೋಗಿಯ ಮೆಟ್ಟಿಲು ಎತ್ತರ. ಅಮ್ಮನನ್ನು ಇಬ್ಬರೂ ಹಿಡಿದು ಹತ್ತಿಸಬೇಕಾಯಿತು. ಜುಲೈ, ಆಗಸ್ಟ್‌ನಲ್ಲಿ ಈ ಕಣಿವೆ ಕಾದ ಬಾಣಲೆ, 40 ಡಿಗ್ರಿ ಮುಟ್ಟುತ್ತದೆ. ಮೇ ತಿಂಗಳು ಅಥವಾ ಸೆಪ್ಟೆಂಬರ್ ಕೊನೆ ಒಳ್ಳೆಯದು.

ಪೋರ್ಟೊಗೆ ಮರಳಿ ‘ಸೆಲ್ಟಾ’ ಎಂಬ ರೈಲಿನಲ್ಲಿ ಸ್ಪೇನ್‌ನ ವಿಗೊಗೆ. ದಿನಕ್ಕೆ ಎರಡೇ ರೈಲು, ಸುಮಾರು ಎರಡೂವರೆ ಗಂಟೆ. ಮಿನ್ಯು ನದಿಯ ಮೇಲಿನ 1886ರ ಕಬ್ಬಿಣದ ಸೇತುವೆ ದಾಟಿದರೆ ದೇಶ ಬದಲು, ಗಡಿಯಾರವೂ ಒಂದು ಗಂಟೆ ಮುಂದಕ್ಕೆ. ನಾನು ಆ ಒಂದು ಗಂಟೆಯನ್ನು ಲೆಕ್ಕಕ್ಕೆ ಹಿಡಿಯದೆ ಮುಂದಿನ ಟಿಕೆಟ್ ತೆಗೆದಿದ್ದೆ. ಸಾಲದ್ದಕ್ಕೆ ವಿಗೊದಲ್ಲಿ ಎರಡು ನಿಲ್ದಾಣಗಳಿವೆ: ಸೆಲ್ಟಾ ಬಂದು ನಿಲ್ಲುವುದು ಸಮುದ್ರದ ಬದಿಯ ಗಿಶಾರ್‌ನಲ್ಲಿ, ಸಾಂತಿಯಾಗೊಗೆ ಹೆಚ್ಚಿನ ರೈಲುಗಳು ಹೊರಡುವುದು ಗುಡ್ಡದ ಮೇಲಿನ ಉರ್ಸಾಯಿಸ್‌ನಿಂದ. ಒಂದು ಕಿಲೋಮೀಟರ್‌ನಷ್ಟು ಏರುದಾರಿ. ಪೆಟ್ಟಿಗೆ ಎಳೆದುಕೊಂಡು ತಲುಪುವಷ್ಟರಲ್ಲಿ ರೈಲು ಹೋಗಿತ್ತು, ಮೂರು ಟಿಕೆಟ್‌ಗಳ ಹಣವೂ. ಎರಡು ರೈಲುಗಳ ನಡುವೆ ಕಡೇಪಕ್ಷ ಒಂದೂವರೆ ಗಂಟೆ ಬಿಡಿ, ಹಿರಿಯರಿದ್ದರೆ ಟ್ಯಾಕ್ಸಿ ಹಿಡಿಯಿರಿ.

ಸಾಂತಿಯಾಗೊದಲ್ಲಿ ನೂರಾರು ಕಿಲೋಮೀಟರ್ ನಡೆದು ಬಂದ ಯಾತ್ರಿಕರು ಕೆಥೆಡ್ರಲ್ ಎದುರಿನ ಚೌಕದ ಕಲ್ಲುಹಾಸಿನ ಮೇಲೆ ಚೀಲ ಇಟ್ಟು, ಬೂಟು ಬಿಚ್ಚಿ, ಹಾಗೆಯೇ ಮಲಗಿಬಿಡುತ್ತಾರೆ. ಪಂಢರಪುರದ ವಾರಿ ಕಂಡವರಿಗೆ ಆ ಮುಖಗಳು ಪರಿಚಿತ ಅನ್ನಿಸುತ್ತವೆ. ಸಸ್ಯಾಹಾರಿಗಳಿಗೆ ಇಲ್ಲಿ ಪದ್ರೋನ್ ಮೆಣಸಿನಕಾಯಿ ಇದೆ: ಎಣ್ಣೆಯಲ್ಲಿ ಬಾಡಿಸಿ ಕಲ್ಲುಪ್ಪು ಉದುರಿಸಿದ ಪುಟ್ಟ ಹಸಿರು ಕಾಯಿ, ಹತ್ತರಲ್ಲಿ ಒಂದು ಖಾರ. ಊಟ ಕೇಳುವಾಗ ಮಾಂಸ ಬೇಡ ಎಂದರೆ ಸಾಲದು, ಮೀನೂ ಬೇಡ ಎಂದು ಬಿಡಿಸಿ ಹೇಳಬೇಕು. ಪೋರ್ಚುಗೀಸಿನಲ್ಲಿ “ಸೆಂ ಕಾರ್ನಿ, ಸೆಂ ಪೇಶಿ”. ಸ್ಪ್ಯಾನಿಷ್‌ನಲ್ಲಿ “ಸಿನ್ ಕಾರ್ನೆ, ಸಿನ್ ಪೆಸ್ಕಾದೊ”. ರಾತ್ರಿ ಎಂಟೂವರೆಗೆ ಮೊದಲು ಸ್ಪೇನ್‌ನ ಹೋಟೆಲುಗಳು ಒಲೆ ಹಚ್ಚುವುದಿಲ್ಲ, ಆದ್ದರಿಂದ ಅಮ್ಮನಿಗಾಗಿ ಹಣ್ಣು, ಮೊಸರು ಕೊಂಡಿಟ್ಟುಕೊಳ್ಳುತ್ತಿದ್ದೆವು.

ಸಾಂತಿಯಾಗೊದಿಂದ ಮ್ಯಾಡ್ರಿಡ್‌ಗೆ ವೇಗದ ರೈಲು, ಮೂರು ಗಂಟೆಯ ಚಿಲ್ಲರೆ. ಸುರಂಗದ ಮೇಲೆ ಸುರಂಗ, ಆಮೇಲೆ ಒಣ ಬಯಲು. ನಿದ್ದೆ ಮಾಡಲು ಸರಿಯಾದ ಜಾಗ. ಈ ಟಿಕೆಟ್‌ಗಳನ್ನು ಬೇಗ ಕೊಂಡಷ್ಟೂ ಅಗ್ಗ. ಉತ್ತರದಿಂದ ಬರುವವು ಚಮಾರ್ತಿನ್ ನಿಲ್ದಾಣಕ್ಕೆ ಬರುತ್ತವೆ, ಕೊರ್ದೊಬಾ ಕಡೆಯವು ಅತೋಚಾದಿಂದ ಹೊರಡುತ್ತವೆ. ನಡುವಿನ ಲೋಕಲ್ ರೈಲಿಗೆ ನಿಮ್ಮ ದೂರದ ಟಿಕೆಟ್‌ನಲ್ಲಿರುವ ಸಂಕೇತವೇ ಸಾಕು. ಸಾಮಾನುಗಳ ಎಕ್ಸ್‌ರೇ ತಪಾಸಣೆ ಇರುವುದರಿಂದ ಅರ್ಧ ಗಂಟೆ ಮೊದಲೇ ಹೋಗಿ.

ಕೊರ್ದೊಬಾದಲ್ಲಿ ಮೊದಲು ಮಸೀದಿಯಾಗಿದ್ದು ಆಮೇಲೆ ಕೆಥೆಡ್ರಲ್ ಆದ ಕಟ್ಟಡಕ್ಕೆ ಭಾನುವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ ಎಂಟೂವರೆಗೆ ಹೋದರೆ ಒಂದು ಗಂಟೆ ಉಚಿತ ಪ್ರವೇಶ. ಹಣ ಉಳಿಯುತ್ತದೆ ಎಂಬುದಕ್ಕಿಂತ, 856 ಕಂಬಗಳ ನಡುವೆ ಗುಂಪುಗಳ ಗದ್ದಲವಿಲ್ಲದೆ ನಡೆಯಬಹುದು ಎಂಬುದಕ್ಕಾಗಿ ಹೋಗಿ.

ಮುಂದಿನದು ನನಗೆ ದೋರು ಬಿಟ್ಟರೆ ಅತಿ ಇಷ್ಟವಾದ ದಾರಿ. ಸ್ಪೇನ್‌ನ ವೇಗದ ಹಳಿಗಳ ಅಗಲ 1435 ಮಿಲಿಮೀಟರ್, ಹಳೆಯವುಗಳದು 1668. ನಮ್ಮ ಬ್ರಾಡ್‌ಗೇಜ್‌ಗಿಂತ ಎಂಟೇ ಮಿಲಿಮೀಟರ್ ಕಡಿಮೆ. ಕೊರ್ದೊಬಾದಿಂದ ರೊಂಡಾ ಕಡೆಗೆ ಹೋಗುವ ನೇರ ರೈಲು ಅಂತೆಕೆರಾ ಬಳಿ ಒಂದು ಶೆಡ್ಡಿನೊಳಗೆ ನಡಿಗೆಯ ವೇಗದಲ್ಲಿ ತೆವಳುತ್ತದೆ. ಕೆಳಗಿನಿಂದ ಲೋಹ ಉಜ್ಜುವ ಸದ್ದು, ಪಾದಕ್ಕೆ ಸಣ್ಣ ನಡುಕ. ಆಚೆ ಬಂದಾಗ ಗಾಲಿಗಳು ಅಗಲವಾಗಿ ಸರಿದು ಹಳೆಯ ಹಳಿಯ ಮೇಲಿರುತ್ತವೆ, ಯಾರೂ ಇಳಿಯಬೇಕಿಲ್ಲ. ಈ ನೇರ ರೈಲಿನ ಸಮಯವನ್ನು ಮೊದಲು ನೋಡಿಕೊಂಡೇ ರೊಂಡಾದ ಕೋಣೆ ಕಾದಿರಿಸಿ. ಗುಡ್ಡದ ಮಾರ್ಗವಾದ್ದರಿಂದ ಜೋರು ಮಳೆಯ ದಿನಗಳಲ್ಲಿ ರೈಲಿನ ಬದಲು ಬಸ್ ಓಡಿಸುವುದೂ ಉಂಟು, ಹೊರಡುವ ವಾರ ಇನ್ನೊಮ್ಮೆ ವಿಚಾರಿಸಿ.

ರೊಂಡಾದಲ್ಲಿ ಕಮರಿಯ ಮೇಲೆ 1793ರಲ್ಲಿ ಮುಗಿದ, 98 ಮೀಟರ್ ಎತ್ತರದ ಕಲ್ಲಿನ ಸೇತುವೆ ಇದೆ. ಎಲ್ಲರೂ ಮೇಲಿನಿಂದ ಬಗ್ಗಿ ನೋಡುತ್ತಾರೆ. ಕಾಲಿನಲ್ಲಿ ಕಸುವಿದ್ದರೆ ಕೆಳಗಿಳಿದು ಸಂಜೆಯ ಬಿಸಿಲಲ್ಲಿ ಕತ್ತೆತ್ತಿ ನೋಡಿ. ಅಲ್ಲಿಂದ ಅಲ್ಹೆಸಿರಾಸ್‌ವರೆಗಿನ ಹಳಿಯನ್ನು 1890ರ ಹೊತ್ತಿಗೆ ಬ್ರಿಟಿಷ್ ಕಂಪನಿಯೊಂದು ಹಾಕಿತು, ಜಿಬ್ರಾಲ್ಟರ್‌ನಲ್ಲಿದ್ದ ತಮ್ಮವರು ಬೆಟ್ಟಕ್ಕೆ ಬಂದು ಹೋಗಲೆಂದು. ಎರಡು ಗಂಟೆಯೊಳಗೆ ಬೆಟ್ಟದಿಂದ ಸಮುದ್ರಮಟ್ಟಕ್ಕೆ ಇಳಿಯುತ್ತೀರಿ. ಬಿಳಿ ಸುಣ್ಣದ ನಿಲ್ದಾಣಗಳು, ಕಿತ್ತಳೆ ತೋಟ, ಆಮೇಲೆ ತೊಗಟೆ ಸುಲಿದ ಬಿರಡೆ (ಕಾರ್ಕ್) ಮರಗಳು, ಸುಲಿದ ಕಾಂಡ ಇಟ್ಟಿಗೆಯ ಹಾಗೆ ಕೆಂಪು. ಆ ತೊಗಟೆ ಮತ್ತೆ ದಪ್ಪವಾಗಲು ಒಂಬತ್ತು ವರ್ಷ ಬೇಕು.

ಅಲ್ಹೆಸಿರಾಸ್‌ನಿಂದ ಮಾಲಗಾಕ್ಕೆ ಕರಾವಳಿಯಲ್ಲಿ ರೈಲು ಮಾರ್ಗವಿಲ್ಲ, ಬಸ್ಸೇ ಗತಿ. ಲಿಸ್ಬನ್‌ನಲ್ಲಿ ಇಳಿದು ಮಾಲಗಾದಿಂದ ಹಾರುವಂತೆ ವಿಮಾನದ ಟಿಕೆಟ್ ತೆಗೆದರೆ ಬಂದ ದಾರಿಯಲ್ಲಿ ಮರಳುವ ಎರಡು ದಿನ ಉಳಿಯುತ್ತವೆ. ಆ ಬಸ್ಸಿನಲ್ಲಿ ಹೋಗುವಾಗಲೂ ಬಲಬದಿಗೇ ಕೂರಿ, ಸಮುದ್ರ ಆ ಕಡೆಗಿದೆ.